ಹಟ್ಟಿಯ ಕಡೆಯಿಂದ ನೋಡಿದ ವೀರಗಲ್ಲು

ಶಿಕಾರಿಪುರದಿಂದ ಶಿರಾಳಕೊಪ್ಪ, ಅಲ್ಲಿಂದ ಸೊರಬ, ಆನವಟ್ಟಿ ಎಂದು ಸುತ್ತು ಹಾಕಿದರೆ ವೀರಗಲ್ಲು ಕಣ್ಣಿಗೆ ಬೀಳದೆ ಇರುವುದಿಲ್ಲ. ಕೆರೆ ಏರಿಯ ಮೇಲೆ ನಿಂತಿರುತ್ತದೆ, ಈಶ್ವರನ ಗುಡಿಯ ಹಿಂದೆ ಗೋಡೆಗೆ ಒರಗಿರುತ್ತದೆ, ಬೇಲಿಸಾಲಿನಲ್ಲಿ ಅರ್ಧ ಹೂತಿರುತ್ತದೆ. ಅಲ್ಲೊಂದು ಇಲ್ಲೊಂದು ಹಳ್ಳದ ದಂಡೆಯಲ್ಲಿ ಬಟ್ಟೆ ಒಗೆಯುವ ಚಪ್ಪಡಿಯೂ ಆಗಿರುತ್ತದೆ. ಇವುಗಳಲ್ಲಿ ಬಹಳಷ್ಟು ದನಕ್ಕಾಗಿ ಸತ್ತವರ ಕಲ್ಲುಗಳು. ಹೊರಗಿನವರು ಬಂದು ಊರ ದನ ಹೊಡೆದುಕೊಂಡು ಹೋದರು, ಇವನು ಬೆನ್ನಟ್ಟಿ ಹೋದ, ದನ ಮರಳಿ ಊರು ಸೇರಿತು, ಇವನು ಸೇರಲಿಲ್ಲ. ಶಾಸನದ ಮಾತಿನಲ್ಲಿ ಇದು ತುರುಗೋಳು.

ಈ ಕಲ್ಲುಗಳನ್ನು ವಿದ್ವಾಂಸರು ಓದತೊಡಗಿ ನೂರೈವತ್ತು ವರ್ಷ ದಾಟಿತು. ಆ ಓದು ಅರಸನ ಹೆಸರಿನಿಂದ ಹೊರಟಿತು, ಸತ್ತವನ ಶೌರ್ಯಕ್ಕೆ ಬಂದಿತು, ಅಲ್ಲಿಂದ ಅವನ ಮನೆಯ ಬಾಗಿಲಿಗೆ ಬರಲು ತುಂಬ ಹೊತ್ತು ತೆಗೆದುಕೊಂಡಿತು. ಇನ್ನೂ ಒಳಗೆ ಕಾಲಿಟ್ಟಿಲ್ಲ ಎಂಬುದು ನನ್ನ ತಕರಾರು.

ಮೊದಲು ಸೀಮೆಯ ವಿಚಾರ. ಇದು ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಸೆರಗು. ಬನವಾಸಿ ಸೊರಬಕ್ಕೆ ತಗುಲಿದಂತೇ ಇದೆ. ಬನವಾಸಿ ಹನ್ನೆರಡು ಸಾವಿರವೆಂಬ ದೊಡ್ಡ ನಾಡಿನೊಳಗೆ ನಾಗರಖಂಡ ಎಪ್ಪತ್ತು, ಜಿಡ್ಡುಳಿಗೆ ಎಪ್ಪತ್ತು ಎಂಬ ಚಿಕ್ಕ ನಾಡುಗಳು ಇಲ್ಲಿ ಹರಡಿದ್ದವು. ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ಹಾನಗಲ್ಲಿನ ಕದಂಬರು, ಹೊಯ್ಸಳರು, ಸೇವುಣರು, ಕೊನೆಗೆ ವಿಜಯನಗರದವರು, ಎಲ್ಲರಿಗೂ ಈ ನೆಲ ಬೇಕಿತ್ತು. ಗದ್ದೆ, ಕೆರೆ, ಕಾನು, ನಡುನಡುವೆ ದನ ಮೇಯುವ ಹಕ್ಕಲು. ಗದ್ದೆ ಉಳುವುದಕ್ಕೆ ಎತ್ತು, ಗೊಬ್ಬರಕ್ಕೆ ಸಗಣಿ, ಮನೆಗೆ ಹಾಲು ಮಜ್ಜಿಗೆ. ಭತ್ತದ ಕಣಜ ಹೊತ್ತುಕೊಂಡು ಓಡಲಾಗದು, ಹೊಲ ಎಬ್ಬಿಸಿಕೊಂಡು ಹೋಗಲಾಗದು. ದನ ಮಾತ್ರ ತನ್ನ ಕಾಲ ಮೇಲೆ ತಾನೇ ನಡೆದು ವೈರಿಯ ಊರು ಸೇರುತ್ತದೆ. ಉಳುಮೆಯ ಹೊತ್ತಿನಲ್ಲಿ ಹಟ್ಟಿ ಖಾಲಿಯಾದ ಮನೆಗೆ ಆ ವರ್ಷದ ಬೆಳೆಯೂ ಹೋದಂತೆಯೇ.

ಆಧುನಿಕ ಓದಿನ ಮೊದಲ ಹೆಜ್ಜೆ ಕ್ಯಾಮೆರಾದ್ದು. 1865ರಲ್ಲಿ ಮೇಜರ್ ಡಿಕ್ಸನ್ ಮೈಸೂರು ಸೀಮೆಯ ಶಾಸನಗಳ ಫೋಟೋ ತೆಗೆದ. ಅವನ್ನು ಇಟ್ಟುಕೊಂಡು ಬಿ. ಎಲ್. ರೈಸ್ 1879ರಲ್ಲಿ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಹೊರತಂದ. ಬೆಂಗಳೂರಲ್ಲೇ ಹುಟ್ಟಿ ಕನ್ನಡದಲ್ಲೇ ಪಳಗಿದ ರೈಸ್ ಆಮೇಲೆ ಎತ್ತಿಕೊಂಡ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಕೆಲಸಕ್ಕೆ ನಾವು ಇಂದಿಗೂ ಋಣಿಗಳು. ಶಿಕಾರಿಪುರದ ಶಾಸನಗಳು 1902ರ ಏಳನೆಯ ಸಂಪುಟದಲ್ಲಿ ಬಂದವು, ಸೊರಬದವು 1904ರ ಎಂಟನೆಯದರಲ್ಲಿ. ತಾಳಗುಂದದ ಕಂಬ, ಬಳ್ಳಿಗಾವಿಯ ದಾನಶಾಸನಗಳು ಇತಿಹಾಸಕಾರರ ನಿದ್ದೆಗೆಡಿಸಿದವು. ಕದಂಬರ ಮೂಲ ಗೊತ್ತಾಯಿತು, ಕಾಳಾಮುಖ ಶೈವರ ಮಠಗಳು ಗೊತ್ತಾದವು. ಅದೇ ಸಂಪುಟಗಳಲ್ಲಿದ್ದ ನೂರಾರು ತುರುಗೋಳಿನ ಕಲ್ಲುಗಳು ಮಾತ್ರ ಯಾವ ಅರಸನ ಕಾಲ, ಯಾವ ಸಂವತ್ಸರ ಎಂದು ಗುರುತು ಹಾಕುವ ಗೂಟಗಳಾಗಿ ಉಳಿದವು. ಜಾರ್ಜ್ ಮೊರೇಸ್ 1931ರಲ್ಲಿ ಬರೆದ ‘ಕದಂಬ ಕುಲ’ದ ಕಣ್ಣೂ ವಂಶಾವಳಿಯ ಮೇಲೆಯೇ. ಆ ಕಾಲಕ್ಕೆ ಅದು ಸಹಜ. ಅರಸರ ಪಟ್ಟಿಯೇ ಸರಿಯಾಗಿಲ್ಲದಾಗ ದನ ಕಾದವನ ಮನೆಯನ್ನು ಯಾರು ಕೇಳುತ್ತಾರೆ?

1938ರಲ್ಲಿ ಬಿ. ಎ. ಸಾಲೆತೊರೆ ಮಧ್ಯಯುಗದ ಜೈನಧರ್ಮದ ಮೇಲೆ ಬರೆದಾಗ ಸೊರಬ ತಾಲ್ಲೂಕಿನ ಹಿರೇಆವಲಿಯತ್ತ ಕಣ್ಣು ಹೊರಳಿತು. ಅಲ್ಲಿನ ಗೌಡ ಮನೆತನಗಳ ಗಂಡಸರು ಹೆಂಗಸರು ಸಮಾಧಿಮರಣ ಹೊಂದಿದ ನಿಸಿಧಿಗಲ್ಲುಗಳು ಒಂದೇ ಊರಲ್ಲಿ ಸಾಲುಸಾಲಾಗಿ ಸಿಗುತ್ತವೆ. ಗಂಡ, ಹೆಂಡತಿ, ಮಗ ಎಂದು ಸಂಬಂಧ ಹಿಡಿದುಕೊಂಡು ಓದಿದರೆ ಒಂದು ಕುಟುಂಬದ ತಲೆಮಾರುಗಳೇ ಎದುರಿಗೆ ನಿಲ್ಲುತ್ತವೆ. ಸಾಲೆತೊರೆಯವರ ಆಸಕ್ತಿ ಧರ್ಮದ್ದು, ಆದರೂ ದಾರಿ ತೆರೆದದ್ದು ಅಲ್ಲಿಂದ.

ನಿಜವಾದ ತಿರುವು 1966ರಲ್ಲಿ ಬಂದ ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದ್ದು. ಚನ್ನಗಿರಿ ತಾಲ್ಲೂಕಿನ ಹಿರೇಕೋಗಲೂರಿನವರು ಅವರು. ವೀರಗಲ್ಲಿನ ಊರುಗಳ ನಡುವೆಯೇ ಹುಟ್ಟಿದವರಿಗೆ ಈ ಕಲ್ಲು ಅಡಿಟಿಪ್ಪಣಿಯಾಗಿ ಕಾಣುವುದು ಸಾಧ್ಯವಿರಲಿಲ್ಲವೇನೋ. ತುರುಗೋಳು, ಊರಳಿವು, ಗಡಿಜಗಳ, ಪೆಣ್ಬುಯ್ಯಲು ಇವೆಲ್ಲ ಅವರ ಕೈಯಲ್ಲಿ ಜನರ ಬದುಕಿನ ಪ್ರಸಂಗಗಳಾದವು. ಪೆಣ್ಬುಯ್ಯಲು ಎಂದರೆ ಹೆಂಗಸರ ಮೇಲೆ ಕೈಮಾಡಿದಾಗ ಎದ್ದ ಗೋಳು, ಅದಕ್ಕಾಗಿ ನಡೆದ ಕಾಳಗ. ದನ ಹೊಡೆಯಲು ಬಂದವರು ಹೆಂಗಸರ ಸೀರೆಗೂ ಕೈ ಹಾಕುತ್ತಿದ್ದರು ಎಂಬುದನ್ನು ಶಾಸನಗಳು ಮುಚ್ಚಿಡುವುದಿಲ್ಲ. ನಮ್ಮ ಪಠ್ಯಪುಸ್ತಕಗಳು ಮುಚ್ಚಿಟ್ಟಿವೆ.

1982 ಈ ಕ್ಷೇತ್ರಕ್ಕೆ ಸುಗ್ಗಿಯ ವರ್ಷ. ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ ಬಂತು. ಧಾರವಾಡದಿಂದ ಎಸ್. ಶೆಟ್ಟರ್ ಮತ್ತು ಗುಂಥರ್ ಸೊಂಥೈಮರ್ ಸಂಪಾದಿಸಿದ ‘ಮೆಮೋರಿಯಲ್ ಸ್ಟೋನ್ಸ್’ ಬಂತು. ಶೇಷಶಾಸ್ತ್ರಿಯವರ ಪುಸ್ತಕ ಹಿಡಿದುಕೊಂಡು ಕಲ್ಲಿನ ಮುಂದೆ ನಿಂತರೆ ಓದು ಸಲೀಸು: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಮೇಲಕ್ಕೆ ಕರೆದೊಯ್ಯುವುದು, ತುದಿಯಲ್ಲಿ ಲಿಂಗ, ನಂದಿ, ಪೂಜೆಗೆ ಕುಳಿತ ವೀರ, ಮೇಲೆ ಸೂರ್ಯ ಚಂದ್ರ. ಕೆಳಗಿನ ಪಟ್ಟಿಕೆಯನ್ನು ಕುಕ್ಕರಗಾಲಲ್ಲಿ ಕೂತು ನೋಡಬೇಕು. ದನಗಳು ಒಂದರ ಬೆನ್ನಿಗೊಂದು ನಿಂತಿರುತ್ತವೆ, ಕೋಡುಗಳು ಒಂದರ ಮೇಲೊಂದು ಹಾಯ್ದಿರುತ್ತವೆ. ಬಿಲ್ಲು ಎಳೆದವನ ಮೈಗೆ ಆಗಲೇ ಬಾಣ ನೆಟ್ಟಿರುತ್ತದೆ. ಶಿಲ್ಪಿ ವೀರನ ಮುಖವನ್ನು ಅಚ್ಚು ಹಾಕಿದಂತೆ ಬಿಡಿಸಿರಬಹುದು, ದನದ ಗಂಗೆದೊಗಲು, ಬಾಲದ ಕುಚ್ಚುಗಳಲ್ಲಿ ಮಾತ್ರ ಕೈ ಪಳಗಿರುವುದು ಕಾಣುತ್ತದೆ. ದಿನಾ ನೋಡಿದ್ದು ಅದನ್ನೇ ತಾನೆ?

ಸೊಂಥೈಮರ್ ಮಹಾರಾಷ್ಟ್ರದ ಧನಗರರ ದೈವಗಳನ್ನು ಬೆನ್ನುಹತ್ತಿ ಬಂದವರು. ದನ ಕಾಯುತ್ತ ಸತ್ತವನು ಕಲ್ಲಾಗಿ, ಕಲ್ಲು ದೇವರಾಗುವ ಬಗೆಯನ್ನು ಅವರು ತೋರಿಸಿದರು. ಮುಂದೆ ಅಜಯ್ ದಾಂಡೇಕರ್ ಅದೇ ಜಾಡಿನಲ್ಲಿ, ಬೇಸಾಯ ಹಬ್ಬಿದಂತೆ ಕುರಿ-ದನಗಾಹಿಗಳಿಗೂ ಒಕ್ಕಲಿಗೂ ಆದ ತಿಕ್ಕಾಟವನ್ನು ವೀರಗಲ್ಲುಗಳಲ್ಲಿ ಓದಿದರು. ಒಳ್ಳೆಯ ವಾದ. ಆದರೆ ಮಳೆ ಕಡಿಮೆಯಾದ ದಖ್ಖನಿನ ಬಯಲಿಗೆ ಹೊಲಿದ ಅಂಗಿಯನ್ನು ಸೊರಬಕ್ಕೆ ಹಾಗೇ ತೊಡಿಸಲು ಆಗುವುದಿಲ್ಲ. ಇಲ್ಲಿ ದನ ಇದ್ದದ್ದು ಹೆಚ್ಚಾಗಿ ಗದ್ದೆ ಉಳುವವನ ಹಟ್ಟಿಯಲ್ಲಿ, ಗೌಡನ ಮನೆಯಲ್ಲಿ. ತುರುಗೋಳು ಒಮ್ಮೊಮ್ಮೆ ಯುದ್ಧದ ಕರೆ, ಭಾರತದ ವಿರಾಟಪರ್ವದಲ್ಲಿ ಕೌರವರು ಮಾಡಿದಂತೆ. ಹಲವು ಸಲ ಪಕ್ಕದ ನಾಡಿನವರ ಶುದ್ಧ ಕಳ್ಳತನ. ಎರಡನ್ನೂ ಒಂದೇ ಗಂಟು ಕಟ್ಟಿದ್ದರಿಂದ ಅಧ್ಯಯನಕ್ಕೆ ನಷ್ಟವಾಗಿದೆ.

ಇನ್ನೊಂದು ನಷ್ಟ ಆಡಳಿತದ್ದು. ಶಿಕಾರಿಪುರ, ಸೊರಬಗಳು ಮೈಸೂರು ಸಂಸ್ಥಾನಕ್ಕೆ ಸೇರಿದ್ದವು, ಹಾನಗಲ್ಲು, ಹಿರೇಕೆರೂರುಗಳು ಮುಂಬಯಿ ಪ್ರಾಂತಕ್ಕೆ. ಹೀಗಾಗಿ ಇತ್ತಣ ಕಲ್ಲುಗಳು ಎಪಿಗ್ರಾಫಿಯಾದಲ್ಲಿ ಅಚ್ಚಾದವು, ಅತ್ತಣವು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ನ ಬಾಂಬೆ-ಕರ್ನಾಟಕ ಸಂಪುಟಗಳಲ್ಲಿ. ಅರ್ಧ ದಿನದ ನಡಿಗೆಯಲ್ಲಿರುವ ಎರಡು ಊರು: ದನ ಕಳೆದುಕೊಂಡವರದು ಒಂದು ಸರಣಿ, ಹೊಡೆದುಕೊಂಡು ಹೋದವರದು ಇನ್ನೊಂದು. ಎರಡನ್ನೂ ಮಗ್ಗುಲಲ್ಲಿಟ್ಟು ಓದುವ ಕೆಲಸ ಆಗಬೇಕಾದಷ್ಟು ಆಗಿಲ್ಲ.

ಮನೆಯ ಒಳಗಿನ ಮಾತಿಗೆ ಬಂದರೆ ಮೊದಲು ಎದುರಾಗುವುದು ಮಾಸ್ತಿಕಲ್ಲು. ಕಂಬದಿಂದ ಚಾಚಿ ಮೊಣಕೈ ಮಡಚಿ ಮೇಲೆತ್ತಿದ ಬಲಗೈ, ಕೈತುಂಬ ಬಳೆ, ಬೆರಳ ನಡುವೆ ನಿಂಬೆಹಣ್ಣು. ಬಳೆ ಒಡೆದಿಲ್ಲ, ಅಂದರೆ ಮುತ್ತೈದೆತನ ಅಳಿದಿಲ್ಲ. ಗಂಡನೊಡನೆ ಉರಿಗೆ ಬಿದ್ದವಳನ್ನು ಊರು ಮಾಸ್ತಮ್ಮನೆಂದು ಕೈಮುಗಿಯಿತು. ಇದನ್ನು ಒಲುಮೆಯ ಕುರುಹೆಂದು ಹಾಡಿ ಹೊಗಳಿದ ಬರಹಗಳು ನಮ್ಮಲ್ಲಿ ಬೇಕಾದಷ್ಟಿವೆ. ನನಗೆ ಆ ಹೊಗಳಿಕೆ ರುಚಿಸುವುದಿಲ್ಲ. ಉರಿಯ ಮುಂದೆ ನಿಂತವಳ ಮನಸ್ಸನ್ನು ಕಲ್ಲು ಬರೆದಿಟ್ಟಿಲ್ಲ, ನಿಲ್ಲಿಸಿದವರ ಮನಸ್ಸನ್ನಷ್ಟೇ ಬರೆದಿದೆ.

ಗಂಡ ಸತ್ತವಳಿಗೆ ಇದೊಂದೇ ದಾರಿ ಇತ್ತೆಂದು ತಿಳಿಯುವವರು ಶಿಕಾರಿಪುರ ತಾಲ್ಲೂಕಿನ ಬಂದಳಿಕೆಗೆ ಹೋಗಬೇಕು. ಹತ್ತನೆಯ ಶತಮಾನದ ಆರಂಭದ ರಾಷ್ಟ್ರಕೂಟ ಶಾಸನವೊಂದು ಜಕ್ಕಿಯಬ್ಬೆಯ ಕಥೆ ಹೇಳುತ್ತದೆ. ನಾಗರಖಂಡ ಎಪ್ಪತ್ತರ ನಾಳ್ಗಾವುಂಡ, ಅಂದರೆ ನಾಡಿನ ಗೌಡನಾಗಿದ್ದ ಸತ್ತರಸ ನಾಗಾರ್ಜುನ ತೀರಿಕೊಂಡ. ಅವನ ಅಧಿಕಾರವನ್ನು ಹೆಂಡತಿ ಜಕ್ಕಿಯಬ್ಬೆಗೆ ಕೊಟ್ಟರು. ಅವಳು ನಾಡನ್ನು ಚೆನ್ನಾಗಿಯೇ ನಡೆಸಿದಳು. ಮೈಗೆ ರೋಗ ಹತ್ತಿದಾಗ ಹೊಣೆಯನ್ನು ಮಗಳಿಗೆ ಒಪ್ಪಿಸಿ, ಬಂದಳಿಕೆಯ ಬಸದಿಗೆ ಬಂದು ವ್ರತ ಹಿಡಿದು ದೇಹ ಬಿಟ್ಟಳು. ಎಪ್ಪತ್ತು ಊರ ತೆರಿಗೆ, ಗಡಿ, ಕಳ್ಳಕಾಕರ ಕಾಟ ಎಲ್ಲವೂ ಆ ಕುರ್ಚಿಯ ಜೊತೆಗೇ ಬರುವಂಥವು. ಜೈನ ಇತಿಹಾಸದ ಪುಸ್ತಕಗಳಲ್ಲಿ ಜಕ್ಕಿಯಬ್ಬೆಗೆ ಜಾಗವಿದೆ. ವೀರಗಲ್ಲಿನ ಪುಸ್ತಕಗಳಲ್ಲಿ ಅವಳು ಬರುವುದಿಲ್ಲ, ಯಾಕೆಂದರೆ ಅವಳದು ವೀರಗಲ್ಲು ಅಲ್ಲ. ನಮ್ಮ ವಿಷಯವಿಂಗಡಣೆಯ ಎಡವಟ್ಟು ಇಂಥ ಕಡೆ ಬಯಲಾಗುತ್ತದೆ.

ನನ್ನ ಮಟ್ಟಿಗೆ ವೀರಗಲ್ಲಿನ ಬೆಲೆಯುಳ್ಳ ಸಾಲುಗಳು ಕೊನೆಯವು: ಕಲ್ಲು ನಿಲ್ಲಿಸಿದವರು ಯಾರು, ಸತ್ತವನ ಮನೆಗೆ ಏನು ಸಿಕ್ಕಿತು. ತಮ್ಮ ನಿಲ್ಲಿಸಿದ್ದಾನೆ, ಮಗ ನಿಲ್ಲಿಸಿದ್ದಾನೆ, ಹೆಂಡತಿ ನಿಲ್ಲಿಸಿದ್ದಾಳೆ. ಹೆಂಡತಿ ನಿಲ್ಲಿಸಿದ್ದಾಳೆ ಅಂದರೆ ಬದುಕಿ ಉಳಿದಳು, ಶಿಲ್ಪಿಗೆ ಕೂಲಿ ಕೊಟ್ಟಳು ಎಂದೇ ಅರ್ಥ. ನೆತ್ತರುಗೊಡಗೆಯೆಂದು ಗದ್ದೆಯೋ ಹೊಲವೋ ಮನೆಗೆ ಬಂದಿದ್ದರೆ ಮಕ್ಕಳ ಹೊಟ್ಟೆಗೆ ದಾರಿಯಾಯಿತು. ರೈಸ್‌ನಿಂದ ಹಿಡಿದು ಇತ್ತೀಚಿನ ಪ್ರಬಂಧಗಳವರೆಗೆ ಈ ಸಾಲುಗಳನ್ನು ದಾನದ ವಿವರವೆಂದು ಒಂದೇ ಉಸಿರಿಗೆ ಓದಿ ಮುಗಿಸುವುದು ರೂಢಿ.

ಕಲ್ಲು ನಿಲ್ಲಿಸಲು ಆಗದವರೂ ಇದ್ದರು. ಶಿಕಾರಿಪುರದ ಸುತ್ತಲಿನ ತಾಂಡಾಗಳ ಲಂಬಾಣಿಗರ ಹಿರಿಯರು ಎತ್ತಿನ ಹಿಂಡುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ನಾಡುಗಟ್ಟಲೆ ಅಲೆದವರು. ಅವರ ಸಂತ ಸೇವಾಲಾಲರ ಸೂರಗೊಂಡನಕೊಪ್ಪ ಇಲ್ಲಿಗೆ ದೂರವಲ್ಲ. ಲಂಬಾಣಿಗರ ಮದುವೆಯಲ್ಲಿ ಗಂಡನ ಮನೆಗೆ ಹೊರಟ ಹುಡುಗಿ ಎತ್ತಿನ ಬೆನ್ನ ಮೇಲೆ ನಿಂತು, ತಾನು ಬಿಟ್ಟುಹೋಗುವ ತಾಂಡಾವನ್ನು ಹರಸಿ ಅಳುತ್ತ ಹಾಡುತ್ತಾಳೆ. ದನ, ಒಲವು, ಅಗಲಿಕೆ ಮೂರೂ ಕೂಡಿದ ಇಂಥ ಹಾಡು ಜಾನಪದ ವಿಭಾಗದ ಪಾಲಿಗೆ ಹೋಯಿತು, ಕಲ್ಲು ಶಾಸನ ವಿಭಾಗದ ಪಾಲಿಗೆ. ಇಬ್ಬರೂ ಒಂದೇ ಕಾರಿಡಾರಿನಲ್ಲಿ ಕೂರುತ್ತಾರೆ, ಪರಸ್ಪರ ಓದುವುದು ಅಪರೂಪ.

ದೀಪಾವಳಿಯ ನಂತರ ಶಿಕಾರಿಪುರ, ಸೊರಬ ಎರಡೂ ತಾಲ್ಲೂಕುಗಳಲ್ಲಿ ನಡೆಯುವ ಹೋರಿ ಹಬ್ಬವನ್ನೂ ವಿದ್ವಾಂಸರು ಮುಟ್ಟಿದ್ದು ಕಡಿಮೆಯೇ. ಕೊಬ್ಬರಿ ಹಾರ ಕಟ್ಟಿಸಿಕೊಂಡು ಜನರ ನಡುವೆ ನುಗ್ಗುವ ಹೋರಿ, ಹಾರ ಕೀಳಲು ಮುಗಿಬೀಳುವ ಹುಡುಗರು. ಹೋರಿಗೆ ಹೆಸರಿರುತ್ತದೆ, ಅಭಿಮಾನಿಗಳಿರುತ್ತಾರೆ, ಹೆಸರು ಮಾಡಿದ ಹೋರಿ ಸತ್ತರೆ ಊರೇ ಸೇರಿ ಮೆರವಣಿಗೆಯಲ್ಲಿ ಒಯ್ದು ಮಣ್ಣು ಮಾಡುತ್ತದೆ. ತಿವಿತಕ್ಕೆ ಸಿಕ್ಕಿ ಹುಡುಗರು ಸಾಯುವುದೂ ಉಂಟು. ಇದನ್ನು ತುರುಗೋಳಿನ ನೇರ ಮುಂದುವರಿಕೆ ಎಂದುಬಿಡುವುದು ಭಾಷಣಕ್ಕೆ ಸರಿ, ಅಧ್ಯಯನಕ್ಕೆ ಸಾಲದು. ನಡುವಿನ ಶತಮಾನಗಳ ಕೊಂಡಿಯನ್ನು ಯಾರಾದರೂ ಹುಡುಕಿಕೊಡಬೇಕು.

ಈಗ ಕ್ಷೇತ್ರ ಮತ್ತೆ ಕ್ಯಾಮೆರಾಕ್ಕೆ ಮರಳಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ, ಸವೆದ ಅಕ್ಷರವೂ ಪರದೆಯ ಮೇಲೆ ಎದ್ದು ಕಾಣುತ್ತದೆ. ಶಿಕಾರಿಪುರ, ಸೊರಬಗಳ ಕಲ್ಲುಗಳಿಗೆ ಅಂಥದೊಂದು ಕೆಲಸ ಆದರೆ ಪಾಠಗಳು ತಿದ್ದಿಕೊಳ್ಳುತ್ತವೆ. ಅದಕ್ಕಿಂತ ತುರ್ತು ಒಂದಿದೆ. ಕಾಪಾಡುವ ನೆಪದಲ್ಲಿ ಕಲ್ಲುಗಳನ್ನು ಹಕ್ಕಲು, ಗದ್ದೆಗಳಿಂದ ಕಿತ್ತು ಗುಡಿಯ ಆವರಣಕ್ಕೋ ಸಂಗ್ರಹಾಲಯಕ್ಕೋ ಸಾಗಿಸಲಾಗುತ್ತಿದೆ. ಸಾಗಿಸುವ ಮುನ್ನ ಪ್ರತಿ ಕಲ್ಲೂ ನಿಂತಿದ್ದ ಜಾಗದ ಸರ್ವೆ ನಂಬರನ್ನೂ ಮುಖ ಮಾಡಿದ್ದ ದಿಕ್ಕನ್ನೂ ಬರೆದುಕೊಳ್ಳುವುದಕ್ಕೆ ಹತ್ತು ನಿಮಿಷ ಸಾಕು. ಬರೆದುಕೊಳ್ಳದಿದ್ದರೆ ದನ ಯಾವ ದಾರಿಯಲ್ಲಿ ಹೋಯಿತು, ನೆತ್ತರುಗೊಡಗೆಯ ಗದ್ದೆ ಯಾವುದು ಎಂಬುದನ್ನು ಮುಂದೆ ಯಾವ ಯಂತ್ರವೂ ಹೇಳಲಾರದು.