ಬ್ರೌರಾನ್‌ನ ಕರಡಿ ಹುಡುಗಿಯರು

ಆರ್ಟೆಮಿಸ್ ಎಂದರೆ ಬಿಲ್ಲು ಹಿಡಿದ ಬೇಟೆಗಾತಿ, ಬೇಟೆಗಾರ ಆಕ್ಟಿಯೋನನನ್ನು ಜಿಂಕೆಯಾಗಿಸಿ ಅವನ ನಾಯಿಗಳಿಂದಲೇ ಸೀಳಿಸಿದ ಉಗ್ರದೇವತೆ. ಗ್ರೀಕ್ ಪುರಾಣದ ಪುಸ್ತಕಗಳು ಬಹುಮಟ್ಟಿಗೆ ಅಲ್ಲಿಗೇ ನಿಲ್ಲುತ್ತವೆ. ನನ್ನ ಮನಸ್ಸು ಹೋಗುವುದು ಅಥೆನ್ಸಿಗೆ ಪೂರ್ವದಲ್ಲಿ, ಕಡಲಂಚಿಗಿರುವ ಅವಳ ಕ್ಷೇತ್ರ ಬ್ರೌರಾನ್‌ಗೆ.

ಅಲ್ಲಿ ಎಳೆಯ ಹೆಣ್ಣುಮಕ್ಕಳು ಮದುವೆಯ ವಯಸ್ಸಿಗೆ ಮೊದಲೇ ದೇವಿಯ ಸೇವೆಗೆ ನಿಂತು ‘ಕರಡಿ’ಗಳಾಗುತ್ತಿದ್ದರು; ಕೇಸರಿ ಬಣ್ಣದ ಉಡುಪು ತೊಡುತ್ತಿದ್ದರು. ಅದಕ್ಕೊಂದು ಕಥೆಯಿದೆ. ಪಳಗಿದ ಕರಡಿಯೊಂದನ್ನು ಹುಡುಗಿಯೊಬ್ಬಳು ಕೆಣಕಿದಳು, ಅದು ಪರಚಿತು, ಅವಳ ಅಣ್ಣತಮ್ಮಂದಿರು ಅದನ್ನು ಕೊಂದರು. ಊರಿಗೆ ಪಿಡುಗು ಬಡಿಯಿತು. ಪರಿಹಾರಕ್ಕೆ ಹೆಣ್ಣುಮಕ್ಕಳು ಕರಡಿಯಾಡಬೇಕೆಂದು ದೈವವಾಣಿಯಾಯಿತು. ಕೊಂದವರು ಗಂಡಸರು, ಋಣ ತೀರಿಸಿದವರು ಹಸುಳೆಗಳು! ದೇವಿಯ ಸಖಿ ಕಲ್ಲಿಸ್ಟೋಳ ಕಥೆಯಲ್ಲೂ ಇದೇ ಅನ್ಯಾಯ: ಬಲಾತ್ಕರಿಸಿದವನು ದೇವರಾಜ ಜ್ಯೂಸ್, ಕರಡಿಯಾಗಿ ಅಲೆದವಳು ಆಕೆ. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

1948ರಲ್ಲಿ ಪುರಾತತ್ತ್ವಜ್ಞ ಪಾಪಾದಿಮಿತ್ರಿಯು ಬ್ರೌರಾನ್‌ನಲ್ಲಿ ಉತ್ಖನನ ಆರಂಭಿಸಿದರು. ಮಣ್ಣಿನಡಿಯಿಂದ ಮಕ್ಕಳ ಅಮೃತಶಿಲೆಯ ಪ್ರತಿಮೆಗಳು ಎದ್ದುಬಂದವು. ಕೆಲವರ ಕೈಯಲ್ಲಿ ಮೊಲ, ಕೆಲವರ ಕೈಯಲ್ಲಿ ಹಕ್ಕಿ. ಅಂಗೈಯಗಲದ ಮಡಕೆಗಳ ಮೇಲೆ ಓಡುವ ಹುಡುಗಿಯರ ಚಿತ್ರಗಳಿದ್ದವು.

ಆರ್ಟೆಮಿಸ್ ಹೆರಿಗೆಯನ್ನು ಕಾಯುವವಳೂ ಹೌದು. ಹೆರಿಗೆಯಲ್ಲಿ ಸತ್ತ ಹೆಂಗಸರ ಬಟ್ಟೆಗಳು ಬ್ರೌರಾನ್‌ನಲ್ಲಿ ದೇವಿಯ ಅರ್ಚಕಿ ಇಫಿಜೀನಿಯಾಗೆ ಸಲ್ಲುತ್ತವೆಂದು ಗ್ರೀಕ್ ನಾಟಕಕಾರ ಯೂರಿಪಿಡೀಸನ ನಾಟಕ ಹೇಳುತ್ತದೆ. ದೇವಿಗೆ ಬಂದ ಉಡುಪುಗಳ ಲೆಕ್ಕವನ್ನು ಕ್ರಿಸ್ತಪೂರ್ವ 4ನೇ ಶತಮಾನದ ಶಾಸನಗಳು ಕೊಟ್ಟವರ ಹೆಸರುಸಮೇತ ಬರೆದಿಟ್ಟಿವೆ. ಕೆಲವು ಬಟ್ಟೆಗಳ ಎದುರು ‘ಅರ್ಧ ನೇಯ್ದದ್ದು’ ಎಂಬ ಟಿಪ್ಪಣಿಯಿದೆ.