ಓದಲು ತಡವರಿಸುವ ಮಗು ದಡ್ಡನೂ ಅಲ್ಲ, ಸೋಮಾರಿಯೂ ಅಲ್ಲ: ಯಾರ ಬಳಿ ಹೋಗಬೇಕು, ಯಾವುದನ್ನು ನಂಬಬಾರದು?

ಮಗು ಓದುತ್ತಿಲ್ಲವೇ, ಕೆಲವೇ ದಿನಗಳ ತರಬೇತಿಯಲ್ಲಿ ಮಿದುಳು ಚುರುಕಾಗುತ್ತದೆ ಎನ್ನುವ ಸಂದೇಶ ನಿಮ್ಮ ವಾಟ್ಸ್‌ಆ್ಯಪ್ ಗ್ರೂಪಿಗೂ ಬಂದಿರಬಹುದು. ಜೊತೆಗೆ ಒಂದು ಫೋನ್ ನಂಬರ್, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಪುಸ್ತಕ ಓದುವ ಮಗುವಿನ ವಿಡಿಯೊ. ಇದನ್ನು ನಂಬಿ ಹೋದವರ ದುಡ್ಡು ಹೋಗುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಮಗುವಿಗೆ ಸರಿಯಾದ ನೆರವು ಸಿಗಬೇಕಾದ ಒಂದೆರಡು ವರ್ಷ ಕೈತಪ್ಪುತ್ತದೆ. ಆದ್ದರಿಂದ ಈ ವಿಷಯ ಸ್ವಲ್ಪ ತಿಳಿದುಕೊಳ್ಳೋಣ.

ಕಲಿಕಾ ನ್ಯೂನತೆ ಎಂದರೇನು?

ಬುದ್ಧಿ, ಕಣ್ಣು, ಕಿವಿ ಎಲ್ಲ ಸರಿಯಿದ್ದು, ಶಾಲೆಗೂ ತಪ್ಪದೆ ಹೋಗುತ್ತಿದ್ದು, ಓದುವುದು, ಬರೆಯುವುದು ಅಥವಾ ಲೆಕ್ಕ ಮಾಡುವುದರಲ್ಲಿ ಮಾತ್ರ ಮಗು ತುಂಬ ಹಿಂದೆ ಬೀಳುವುದನ್ನು ‘ನಿರ್ದಿಷ್ಟ ಕಲಿಕಾ ನ್ಯೂನತೆ’ ಎನ್ನುತ್ತಾರೆ. ಓದಿನ ತೊಡಕಿಗೆ ಡಿಸ್‌ಲೆಕ್ಸಿಯಾ, ಬರವಣಿಗೆಯ ತೊಡಕಿಗೆ ಡಿಸ್‌ಗ್ರಾಫಿಯಾ, ಲೆಕ್ಕದ ತೊಡಕಿಗೆ ಡಿಸ್‌ಕ್ಯಾಲ್ಕುಲಿಯಾ ಎಂದು ಹೆಸರು. 2007ರ ‘ತಾರೆ ಜಮೀನ್ ಪರ್’ ಸಿನಿಮಾದ ಹುಡುಗನಿಗೆ ಇದ್ದದ್ದು ಡಿಸ್‌ಲೆಕ್ಸಿಯಾ.

ಇದು ಅಪರೂಪದ್ದಲ್ಲ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯ ಪ್ರಕಾರ, ಶಾಲಾ ವಯಸ್ಸಿನ ಮಕ್ಕಳಲ್ಲಿ ಶೇ. 5ರಿಂದ 15ರಷ್ಟು ಮಂದಿಗೆ ಇಂಥ ತೊಡಕು ಇರುತ್ತದೆ. ಅಂದರೆ 40 ಮಕ್ಕಳ ತರಗತಿಯಲ್ಲಿ ಕಡಿಮೆಯೆಂದರೂ ಒಂದಿಬ್ಬರು ಇರಬಹುದು.

ಕನ್ನಡದಲ್ಲಿ ಇದು ಹೇಗೆ ಕಾಣುತ್ತದೆ?

ಒತ್ತಕ್ಷರ ಬಿಟ್ಟು ‘ಹಳ್ಳಿ’ಯನ್ನು ‘ಹಳಿ’ ಎಂದು ಬರೆಯುವುದು, ದೀರ್ಘ ಬಿಟ್ಟು ‘ಕಾಲು’ ಎಂಬುದನ್ನು ‘ಕಲು’ ಎಂದು ಓದುವುದು, ಬೋರ್ಡ್ ನೋಡಿ ಬರೆಯಲು ತುಂಬ ಹೊತ್ತು ಹಿಡಿಯುವುದು, ಬಾಯಲ್ಲಿ ಚೆನ್ನಾಗಿ ಹೇಳಿದ ಉತ್ತರವನ್ನು ಬರೆಯಲು ಆಗದಿರುವುದು ಕೆಲವು ಲಕ್ಷಣಗಳು.

ಆದರೆ ಒಂದನೇ, ಎರಡನೇ ತರಗತಿಯಲ್ಲಿ ಇಂಥ ತಪ್ಪು ಎಲ್ಲ ಮಕ್ಕಳೂ ಮಾಡುತ್ತಾರೆ. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಸೇರಿದರೆ ಕಲಿಯಬೇಕಾದ ಅಕ್ಷರರೂಪಗಳು ನೂರಾರು. ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ, ಕನ್ನಡದ ಮಕ್ಕಳಿಗೆ ಅಕ್ಷರಗಳು ಪೂರ್ತಿ ಕೈಗೆ ಹತ್ತಲು ಇಂಗ್ಲಿಷ್‌ಗಿಂತ ಹೆಚ್ಚು ವರ್ಷ ಬೇಕಾಗುತ್ತದೆ ಎಂದು ತೋರಿಸಿದೆ. ಹಾಗಾಗಿ ಒಂದೆರಡು ತಪ್ಪು ನೋಡಿ ಹೆದರಬೇಡಿ. ಕಲಿಸಿದರೂ, ಅಭ್ಯಾಸ ಮಾಡಿಸಿದರೂ, ಮೂರನೇ ತರಗತಿ ದಾಟಿದರೂ ಅದೇ ತಪ್ಪು ಮುಂದುವರಿದರೆ ತಪಾಸಣೆ ಮಾಡಿಸಿ.

ಯಾರು ಏನು ಮಾಡುತ್ತಾರೆ?

ಮಕ್ಕಳ ವೈದ್ಯರು: ದೃಷ್ಟಿ, ಶ್ರವಣ ಅಥವಾ ಬೇರೆ ಕಾಯಿಲೆಯಿಂದ ತೊಂದರೆ ಆಗುತ್ತಿದೆಯೇ ಎಂದು ಮೊದಲು ನೋಡುತ್ತಾರೆ.

ಕ್ಲಿನಿಕಲ್ ಸೈಕಾಲಜಿಸ್ಟ್: ಬುದ್ಧಿಮತ್ತೆ, ಓದು, ಬರಹ, ಲೆಕ್ಕ ಇವನ್ನು ಪರೀಕ್ಷಿಸಿ ವರದಿ ಕೊಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆಂದೇ ರೂಪಿಸಿದ ಪರೀಕ್ಷೆಗಳನ್ನು ಬಳಸುವಂತೆ 2018ರ ಕೇಂದ್ರ ಮಾರ್ಗಸೂಚಿ ದೇಶಕ್ಕೆಲ್ಲ ಸೂಚಿಸಿತು.

ವಿಶೇಷ ಶಿಕ್ಷಕರು: ದಿನದಿನದ ನಿಜವಾದ ಕೆಲಸ ಇವರದು. ‘ಕಮಲ’ವನ್ನು ಕ-ಮ-ಲ ಎಂದು ಬಿಡಿಸಿ ಕೇಳಿಸುವುದು, ಅಕ್ಷರವನ್ನು ಮರಳಿನ ಮೇಲೆ ಬೆರಳಿಂದ ತಿದ್ದಿಸುತ್ತ ಬಾಯಲ್ಲೂ ಹೇಳಿಸುವುದು, ಪಾಠವನ್ನು ಸಣ್ಣ ಸಣ್ಣ ಹೆಜ್ಜೆಯಾಗಿ ಒಡೆದು ಮತ್ತೆ ಮತ್ತೆ ಮಾಡಿಸುವುದು, ಹೀಗೆ ಕೇಳಿ, ನೋಡಿ, ಮುಟ್ಟಿ ಕಲಿಯುವಂತೆ ಮಾಡುತ್ತಾರೆ. ಫಲ ಕಾಣಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಬೇಕು.

ಸ್ಪೀಚ್ ಥೆರಪಿಸ್ಟ್ ಮತ್ತು ಆಕ್ಯುಪೇಷನಲ್ ಥೆರಪಿಸ್ಟ್: ಮಾತು ಅಥವಾ ಭಾಷೆ ತಡವಾಗಿದ್ದರೆ ಮೊದಲನೆಯವರು, ಪೆನ್ಸಿಲ್ ಹಿಡಿತದಂಥ ಕೈಕೆಲಸದಲ್ಲಿ ತೊಡಕಿದ್ದರೆ ಎರಡನೆಯವರು ನೆರವಾಗುತ್ತಾರೆ. ಎಲ್ಲ ಮಕ್ಕಳಿಗೂ ಎಲ್ಲರೂ ಬೇಕಾಗಿಲ್ಲ.

ವಿಶೇಷ ಶಿಕ್ಷಕರು ಮತ್ತು ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐನಲ್ಲಿ ನೋಂದಾಯಿಸಿಕೊಂಡಿರಬೇಕು. ಫೀಸು ಕಟ್ಟುವ ಮೊದಲು ನೋಂದಣಿ ಸಂಖ್ಯೆ ಕೇಳಿ. ನಿಜವಾದವರು ಬೇಸರ ಮಾಡಿಕೊಳ್ಳದೆ ಹೇಳುತ್ತಾರೆ.

ನಂಬಿಕೆ ಮತ್ತು ವಾಸ್ತವ

ನಂಬಿಕೆ: ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮದಿಂದ ಡಿಸ್‌ಲೆಕ್ಸಿಯಾ ಹೋಗುತ್ತದೆ.
ವಾಸ್ತವ: ತೊಡಕು ಇರುವುದು ಮಿದುಳು ಅಕ್ಷರವನ್ನು ಉಲಿಗೆ ಜೋಡಿಸುವ ರೀತಿಯಲ್ಲಿ. ಈ ಎರಡರಿಂದಲೂ ಪ್ರಯೋಜನವಾಗುತ್ತದೆ ಎನ್ನಲು ಪುರಾವೆಯಿಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರು ಮತ್ತು ನೇತ್ರವೈದ್ಯರ ಸಂಘಗಳು 2009ರಲ್ಲೇ ಜಂಟಿಯಾಗಿ ಹೇಳಿವೆ.

ನಂಬಿಕೆ: ‘ಮಿಡ್‌ಬ್ರೇನ್ ಆ್ಯಕ್ಟಿವೇಷನ್’ ಮಾಡಿಸಿದರೆ ಮಗು ಕಣ್ಣು ಕಟ್ಟಿಕೊಂಡೂ ಓದುತ್ತದೆ.
ವಾಸ್ತವ: ಪಟ್ಟಿಯ ಕೆಳಗೆ ಮೂಗಿನ ಪಕ್ಕ ಉಳಿಯುವ ಸಂದಿಯಿಂದ ಇಣುಕಿ ನೋಡುವ ತಂತ್ರವಿದು. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಇದನ್ನು ಬಯಲು ಮಾಡಿ ಸವಾಲು ಹಾಕಿದ್ದಾರೆ.

ನಂಬಿಕೆ: ಎರಡೇಟು ಕೊಟ್ಟರೆ, ಟ್ಯೂಷನ್ ಹೆಚ್ಚಿಸಿದರೆ ಸರಿಹೋಗುತ್ತದೆ.
ವಾಸ್ತವ: ಕಷ್ಟವಾದದ್ದನ್ನೇ ಅದೇ ರೀತಿಯಲ್ಲಿ ಹೆಚ್ಚು ಹೊತ್ತು ಮಾಡಿಸಿದರೆ ಮಗು ಓದನ್ನೇ ದ್ವೇಷಿಸತೊಡಗುತ್ತದೆ. ಕಲಿಸುವ ವಿಧಾನ ಬದಲಾಗಬೇಕು.

ನಂಬಿಕೆ: ದೊಡ್ಡವನಾದ ಮೇಲೆ ತಾನೇ ಹೋಗುತ್ತದೆ.
ವಾಸ್ತವ: ಇದು ಜೀವನಪೂರ್ತಿ ಇರುವಂಥದ್ದು. ಆದರೆ ಬೇಗ ನೆರವು ಸಿಕ್ಕರೆ ಓದು ಸುಧಾರಿಸುತ್ತದೆ, ಡಿಗ್ರಿ, ಕೆಲಸ ಯಾವುದಕ್ಕೂ ಅಡ್ಡಿಯಾಗಬೇಕಿಲ್ಲ.

ಕಾನೂನು ಏನು ಹೇಳುತ್ತದೆ?

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಶಾಲೆಗಳು ಇದನ್ನು ಆದಷ್ಟು ಬೇಗ ಪತ್ತೆಹಚ್ಚಬೇಕು ಎಂದು 16ನೇ ಸೆಕ್ಷನ್ ಹೇಳುತ್ತದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಉತ್ತರ ಬರೆದುಕೊಡುವ ಸ್ಕ್ರೈಬ್, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಇವೆಲ್ಲ 17ನೇ ಸೆಕ್ಷನ್‌ನಲ್ಲಿವೆ. ಸಿಬಿಎಸ್‌ಇಯಲ್ಲಿ 3 ಗಂಟೆಯ ಪರೀಕ್ಷೆಗೆ 1 ಗಂಟೆ ಹೆಚ್ಚು ಸಿಗುತ್ತದೆ. ಎಸ್ಸೆಸ್ಸೆಲ್ಸಿಗಾದರೆ ಮುಖ್ಯ ಶಿಕ್ಷಕರ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಹಾಕಬೇಕು. ಪರೀಕ್ಷೆ ಹತ್ತಿರ ಬಂದಾಗ ಓಡಾಡುವ ಬದಲು ವರ್ಷದ ಆರಂಭದಲ್ಲೇ ಕೇಳಿ.

ವಿಶೇಷ ಶಿಕ್ಷಕರ ಕೊರತೆ ದೊಡ್ಡದು. ವಿಶೇಷ ಅಗತ್ಯದ ಮಕ್ಕಳ ಸಂಖ್ಯೆಗೆ ತಕ್ಕಷ್ಟು ವಿಶೇಷ ಶಿಕ್ಷಕರು ಶಾಲೆಗಳಲ್ಲಿ ಇರಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ನಿಮ್ಮ ಮಗುವಿನ ಶಾಲೆಯಲ್ಲಿ ಎಷ್ಟು ಮಂದಿ ಇದ್ದಾರೆ ಎಂದು ಪೋಷಕರ ಸಭೆಯಲ್ಲಿ ಕೇಳುವ ಹಕ್ಕು ನಿಮಗಿದೆ.

ಎಲ್ಲಿಂದ ಶುರು ಮಾಡುವುದು?

ಮೊದಲು ತರಗತಿಯ ಶಿಕ್ಷಕರ ಜೊತೆ ಮಾತಾಡಿ, ಮಗುವಿನ ನೋಟ್‌ಬುಕ್ ಜೊತೆಗಿರಲಿ. ಸರ್ಕಾರಿ ಶಾಲೆಯಾದರೆ ತಾಲ್ಲೂಕಿನ ಬಿಆರ್‌ಸಿ ಕಚೇರಿಯಲ್ಲಿ ಬಿಐಇಆರ್‌ಟಿ ಎಂಬ ವಿಶೇಷ ಶಿಕ್ಷಕರ ಹುದ್ದೆ ಇರುತ್ತದೆ, ಅವರನ್ನು ವಿಚಾರಿಸಿ. ತಪಾಸಣೆಗೆ ಜಿಲ್ಲಾ ಆಸ್ಪತ್ರೆ, ಬೆಂಗಳೂರಿನ ನಿಮ್ಹಾನ್ಸ್, ಮಾತು ಮತ್ತು ಭಾಷೆಯ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇವೆ. ಪ್ರಮಾಣಪತ್ರವನ್ನು ಸಾಮಾನ್ಯವಾಗಿ 8 ವರ್ಷ ತುಂಬಿದ ಮೇಲೆ ಕೊಡುತ್ತಾರೆ. ಆದರೆ ನೆರವು ಶುರು ಮಾಡಲು ಪ್ರಮಾಣಪತ್ರಕ್ಕಾಗಿ ಕಾಯಬೇಕಿಲ್ಲ.

ಇನ್ನು ಮುಂದೆ ಇಷ್ಟೇ ದಿನಗಳಲ್ಲಿ ಗ್ಯಾರಂಟಿ ಎನ್ನುವ ಸಂದೇಶ ಬಂದರೆ ಫಾರ್ವರ್ಡ್ ಮಾಡಬೇಡಿ. ಗ್ರೂಪಿನಲ್ಲಿ ಯಾರದೋ ಮಗು ಓದಲಾಗದೆ ದಿನವೂ ಬೈಸಿಕೊಳ್ಳುತ್ತಿರಬಹುದು. ಆ ಅಪ್ಪ ಅಮ್ಮನಿಗೆ ಯಾರ ಬಳಿ ಹೋಗಬೇಕು ಎಂಬ ಮಾಹಿತಿ ತಲುಪಿಸಿ.