ಕಣ್ಣೆದುರಿನ ಅಳತೆ: ಪೆಟ್ರೋಲ್ ಕೈಪಂಪಿನ ನೆನಪು

ಗಡಿನಾಡಿನ ಇತಿಹಾಸವೆಂದರೆ ಶಾಸನ, ಮಠ, ಸಂಸ್ಥಾನಗಳ ವೃತ್ತಾಂತವೆಂದೇ ನಾವು ಬಗೆಯುತ್ತೇವೆ. ಜನರ ಬಾಳಿನೊಡನೆ ಬೆರೆತು, ದಾಖಲೆಯಾಗದೆ ಅಳಿದುಹೋದ ಸಾಧನಗಳಿಗೂ ಅದರಲ್ಲಿ ಪಾಲುಂಟು. ಸೊಲ್ಲಾಪುರದಿಂದ ವಿಜಾಪುರ, ಅಕ್ಕಲಕೋಟ, ಹೈದರಾಬಾದುಗಳತ್ತ ಮೋಟಾರುಗಳು ಓಡತೊಡಗಿದ ಕಾಲದ ಪೆಟ್ರೋಲ್ ಕೈಪಂಪು ಅಂಥದೊಂದು.

ಈ ಯಂತ್ರದ ಮೂಲ ಅಮೆರಿಕದ ಫೋರ್ಟ್ ವೇಯ್ನ್. ಸಿಲ್ವೇನಸ್ ಬೌಸರ್ 1885ರಲ್ಲಿ ಅಲ್ಲಿ ಮಾರಿದ ಮೊದಲ ಪಂಪು ಅಂಗಡಿಯ ಸೀಮೆಎಣ್ಣೆಗಾಗಿ ಹುಟ್ಟಿದ್ದು. ಮೋಟಾರಿಗೆ ಅದು ಒದಗಿದ್ದು ಆಮೇಲೆ. ನಮ್ಮ ದೇಶದಲ್ಲಿಯೂ ಮೊದಲು ಪೆಟ್ರೋಲು ತಗಡಿನ ಡಬ್ಬಗಳಲ್ಲಿ ಮಾರಾಟವಾಗುತ್ತಿತ್ತು. ನೆಲದೊಳಗಿನ ಟಾಕಿ, ಅದರ ಮೇಲಿನ ಪಂಪು ಬಂದದ್ದು ತರುವಾಯ.

ಎತ್ತರದ ಕಂಬದ ತಲೆಯಲ್ಲಿ ಎರಡು ಗಾಜಿನ ಜಾಡಿಗಳು. ಆಳು ಹಿಡಿಕೆಯನ್ನು ಹಿಂದಕ್ಕೂ ಮುಂದಕ್ಕೂ ಎಳೆದಂತೆ ಪೆಟ್ರೋಲು ಟಾಕಿಯಿಂದ ಮೇಲೇರಿ ಒಂದು ಜಾಡಿಯನ್ನು ತುಂಬುತ್ತಿತ್ತು. ಗುರುತು ಮುಟ್ಟಿದ ಮೇಲೆ ಹೆಚ್ಚಾದದ್ದು ಮರಳಿ ಟಾಕಿಗೆ. ಕೀಲಿಯನ್ನು ತಿರುಗಿಸಿದರೆ ತುಂಬಿದ ಜಾಡಿ ತನ್ನ ಭಾರದಿಂದಲೇ ರಬ್ಬರಿನ ನಳಿಗೆಯ ಮೂಲಕ ಗಾಡಿಗೆ ಇಳಿಯುತ್ತಿತ್ತು. ಅಷ್ಟರಲ್ಲಿ ಇನ್ನೊಂದು ತುಂಬುತ್ತಿತ್ತು. ವಿದ್ಯುತ್ತು ಬೇಕಿರಲಿಲ್ಲ, ತೋಳಿನ ಬಲ ಸಾಕಿತ್ತು.

1956ರ ನವೆಂಬರ್ 1ರಂದು ವಿಜಾಪುರವು ಮೈಸೂರು ರಾಜ್ಯವನ್ನು ಸೇರಿತು. ಸೊಲ್ಲಾಪುರ, ಅಕ್ಕಲಕೋಟ, ಜತ್ತಗಳು ಮುಂಬಯಿ ರಾಜ್ಯದಲ್ಲಿಯೇ ಉಳಿದವು. ಅದೇ ವರ್ಷದ ಡಿಸೆಂಬರಿನಲ್ಲಿ ತೂಕ ಮತ್ತು ಅಳತೆಗಳ ಕಾಯಿದೆಯೂ ಬಂದಿತು. ಮುಂದಿನ ಕೆಲವು ವರ್ಷಗಳಲ್ಲಿ ಗ್ಯಾಲನ್ನಿನ ಸ್ಥಾನಕ್ಕೆ ಲೀಟರು ಬಂದಿತು. ಹಳೆಯ ಒಂದು ಗ್ಯಾಲನ್ನೆಂದರೆ ಸುಮಾರು ನಾಲ್ಕೂವರೆ ಲೀಟರು. ಹೀಗೆ ನಾಡಿನ ಗೆರೆಯೂ ಅಳತೆಯ ಗೆರೆಯೂ ಒಂದೇ ಕಾಲದಲ್ಲಿ ಬದಲಾದವು.

ಕನ್ನಡ, ಮರಾಠಿ, ತೆಲುಗು, ಉರ್ದು ಕೂಡಿ ಬಾಳುವ ನಮ್ಮ ಸೀಮೆಯಲ್ಲಿ ಫಲಕದ ಲಿಪಿ ಎಲ್ಲರಿಗೂ ಎಟುಕುವುದಲ್ಲ. ಗಾಜಿನ ಜಾಡಿಯ ಗುರುತು ಮಾತ್ರ ಅಕ್ಷರ ಬಾರದವನಿಗೂ ತಿಳಿಯುತ್ತಿತ್ತು. ಕೊಡುವವನು, ಕೊಳ್ಳುವವನು ಇಬ್ಬರೂ ಒಂದೇ ಗೆರೆಯನ್ನು ನೋಡುತ್ತಿದ್ದರು. ವ್ಯವಹಾರದ ನಂಬಿಕೆ ಆ ನೋಟದಲ್ಲಿತ್ತು.

ವಿದ್ಯುತ್ ಪಂಪು ಬಂದು ಅಳತೆ ಪೆಟ್ಟಿಗೆಯೊಳಗೆ ಅಡಗಿತು; ನಾವು ಈಗ ಅಂಕಿಯನ್ನೂ ಇಲಾಖೆಯ ಮುದ್ರೆಯನ್ನೂ ನಂಬುತ್ತೇವೆ. 1928ರಲ್ಲಿ ಹುಟ್ಟಿದ ಬರ್ಮಾ-ಶೆಲ್ 1976ರಲ್ಲಿ ಸರ್ಕಾರದ ಸ್ವಾಮ್ಯಕ್ಕೆ ಬಂದು, ಫಲಕದ ಹೆಸರೂ ಅಳಿಸಿತು. ಮೈಸೂರಿನ ಕಡೆ 'ಬಂಕ್' ಎನ್ನುವುದನ್ನು ನಾವಿಲ್ಲಿ ಇಂದಿಗೂ 'ಪಂಪು' ಎನ್ನುತ್ತೇವೆ. ಆ ಹಿಡಿಕೆಯನ್ನು ಎಳೆದ ಕೈಗಳು ಈಗ ಮುಪ್ಪಾಗಿವೆ. ಅವರ ಮಾತುಗಳನ್ನು ಬರೆದಿಡುವುದು ನಮ್ಮ ಸಂಘಗಳ ಪಾಲಿಗೆ ಉಳಿದ ಕೆಲಸ.